ಇಳಿದ 7 ಕಿಲೋ ಎಲ್ಲಿಯದು? ಮೂತ್ರಕೋಶದ ಕ್ಯಾನ್ಸರ್ ಮತ್ತು ದೇಹತೂಕ

ನಮ್ಮ ತಂದೆಯವರಿಗೆ ಮೂತ್ರಕೋಶದ ಕ್ಯಾನ್ಸರ್ ಇದೆಯೆಂದು ತಿಳಿಯುವುದಕ್ಕೆ ಮುಂಚಿನ ನಾಲ್ಕು ತಿಂಗಳಲ್ಲಿ ಅವರ ತೂಕ 81 ಕಿಲೋದಿಂದ 74ಕ್ಕೆ ಇಳಿದಿತ್ತು. ಸಕ್ಕರೆ ಕಾಯಿಲೆಯಿದ್ದ ಅವರು ತೂಕ ಇಳಿಸಿಕೊಳ್ಳಬೇಕೆಂಬ ಮಾತನ್ನು ವರ್ಷಗಳಿಂದ ಕೇಳುತ್ತ ಬಂದಿದ್ದರಿಂದ ಅದು ಅವರಿಗೆ ಸಮಾಧಾನವನ್ನೇ ತಂದಿತ್ತು. ಮನೆಗೆ ಬಂದ ನೆಂಟರೂ ‘ಹೊಟ್ಟೆ ಕರಗಿದೆ, ಒಳ್ಳೆಯದೇ ಆಯಿತು’ ಎಂದೇ ಹೇಳುತ್ತಿದ್ದರು. ಮೂತ್ರದಲ್ಲಿ ರಕ್ತ ಕಾಣಿಸಿಕೊಂಡು, ಸಿಸ್ಟೋಸ್ಕೋಪಿ (ಮೂತ್ರಕೋಶದೊಳಗೆ ಕೊಳವೆಯಿಳಿಸಿ ನೋಡುವ ಪರೀಕ್ಷೆ) ಮಾಡಿಸಿ, ಗಡ್ಡೆಯು ಮೂತ್ರಕೋಶದ ಸ್ನಾಯುಪದರವನ್ನು ಹೊಕ್ಕಿದೆ ಎಂಬ ವರದಿ ಕೈಗೆ ಬಂದ ದಿನ, ಆ ಏಳು ಕಿಲೋ ನಮ್ಮ ಮನಸ್ಸಿನಲ್ಲಿ ಬೇರೆಯೇ ಅರ್ಥ ಪಡೆಯಿತು.

ಎತ್ತರ 168 ಸೆಂಟಿಮೀಟರ್ ಇರುವ ಅವರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) ಆಗಲೂ 26ರ ಮೇಲೆಯೇ ಇತ್ತು. ಭಾರತೀಯರಿಗೆಂದು ತಜ್ಞರು ಹಾಕಿಕೊಂಡಿರುವ ಮಿತಿಗಳ ಪ್ರಕಾರ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಹೀಗಾಗಿ ಅವರ ಚೀಟಿಯ ಮೇಲೆ ‘ಬೊಜ್ಜು’ ಎಂದೇ ಬರೆದಿತ್ತು. ಆದರೆ ಪ್ರಯತ್ನಪಡದೆ ಆರು ತಿಂಗಳಲ್ಲಿ ದೇಹತೂಕದ 5 ಪ್ರತಿಶತಕ್ಕಿಂತ ಹೆಚ್ಚು ಕಳೆದುಕೊಳ್ಳುವುದನ್ನು ಕ್ಯಾನ್ಸರಿನಿಂದಾಗುವ ಕ್ಷಯಿಸುವಿಕೆಯ ಲಕ್ಷಣವೆಂದು ವೈದ್ಯರು ಎಣಿಸುತ್ತಾರೆ, ಮತ್ತು ತಂದೆಯವರು ನಾಲ್ಕೇ ತಿಂಗಳಲ್ಲಿ 8 ಪ್ರತಿಶತಕ್ಕೂ ಹೆಚ್ಚು ಕಳೆದುಕೊಂಡಿದ್ದರು. ಒಬ್ಬನೇ ಮನುಷ್ಯ ಬೊಜ್ಜಿನವನೂ ಸೊರಗುತ್ತಿರುವವನೂ ಆಗಿರಬಲ್ಲ ಎಂಬುದು ನನಗೆ ಮೊದಲ ಬಾರಿಗೆ ತಿಳಿದದ್ದು ಆಗ.

ಈ ವಿಷಯವನ್ನು ಓದಲು ಕೂತವರಿಗೆ ಮೊದಲು ಎದುರಾಗುವುದು ಗೊಂದಲ. ಮೂತ್ರಪಿಂಡದ (ಕಿಡ್ನಿಯ) ಕ್ಯಾನ್ಸರಿಗೆ ಬೊಜ್ಜು ಒಂದು ಕಾರಣವೆಂಬುದು ದೃಢಪಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ ಬೊಜ್ಜಿಗೂ 13 ಬಗೆಯ ಕ್ಯಾನ್ಸರುಗಳಿಗೂ ಇರುವ ನಂಟಿಗೆ ಸಾಕಷ್ಟು ಪುರಾವೆಯಿದೆ ಎಂದಾಗ ಆ ಪಟ್ಟಿಯಲ್ಲಿ ಮೂತ್ರಪಿಂಡ ಇತ್ತು, ಮೂತ್ರಕೋಶ ಇರಲಿಲ್ಲ. ಆದರೆ ಅದೇ ಮೂತ್ರಪಿಂಡದ ಕ್ಯಾನ್ಸರ್ ಹರಡಿದ ಮೇಲೆ ಚಿಕಿತ್ಸೆ ಪಡೆದವರಲ್ಲಿ ದಪ್ಪಗಿದ್ದವರೇ ಹೆಚ್ಚು ಕಾಲ ಬದುಕಿದರು. ಅದೇ ವರ್ಷ ಪ್ರಕಟವಾದ ದೊಡ್ಡದೊಂದು ಅಧ್ಯಯನದಲ್ಲಿ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿದ್ದವರ ಬದುಕುಳಿದ ಅವಧಿಯ ಮಧ್ಯಾಂಕ (ಅರ್ಧದಷ್ಟು ಮಂದಿ ದಾಟಿದ ಅವಧಿ) 25.6 ತಿಂಗಳು, ಅದಕ್ಕಿಂತ ಕಡಿಮೆ ಇದ್ದವರದು 17.1 ತಿಂಗಳು. ಇದನ್ನು ಓದಿದ ನಮ್ಮ ಬಂಧುವೊಬ್ಬರು ತಂದೆಯವರಿಗೆ ತುಪ್ಪ, ಸಿಹಿ ಧಾರಾಳವಾಗಿ ಕೊಡಬೇಕೆಂದು ಒತ್ತಾಯಿಸಿದರು. ಅವರ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಆ ಅಂಕಿಗಳು ನಮ್ಮ ಕಾಯಿಲೆಯವಲ್ಲ.

ಮೂತ್ರಪಿಂಡದಲ್ಲಿ ಮೂತ್ರ ಬಂದು ಕೂಡುವ ಜಾಗದಿಂದ ಮೊದಲ್ಗೊಂಡು ಮೂತ್ರನಾಳಗಳು ಹಾಗೂ ಮೂತ್ರಕೋಶದ ಒಳಮೈಗೆ ಒಂದೇ ಬಗೆಯ ಪದರವಿದೆ. ಅದರಲ್ಲಿ ಹುಟ್ಟುವ ಕ್ಯಾನ್ಸರ್, ಮೂತ್ರಪಿಂಡದ ಮಾಂಸಭಾಗದಲ್ಲಿ ಹುಟ್ಟುವ ಕ್ಯಾನ್ಸರಿಗಿಂತ ಬೇರೆ. ಒಳಪದರದ ಕ್ಯಾನ್ಸರಿನ ಮುಖ್ಯ ಕಾರಣ ಬೊಜ್ಜಲ್ಲ, ಧೂಮಪಾನ. ಈ ಪದರದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ಕುರಿತ ಪಾಶ್ಚಾತ್ಯ ಅಧ್ಯಯನಗಳಲ್ಲಿ, ಮೂತ್ರಕೋಶ ತೆಗೆಸಿಕೊಂಡವರಲ್ಲೂ ಮೂತ್ರನಾಳ ಮೊದಲಾದ ಮೇಲ್ಭಾಗದಲ್ಲಿ ಕ್ಯಾನ್ಸರ್ ಇದ್ದವರಲ್ಲೂ, ಬೊಜ್ಜಿದ್ದವರಿಗೆ ಕಾಯಿಲೆ ಮರಳುವುದು ಹೆಚ್ಚೆಂದು ಕಂಡುಬಂದಿದೆ. ಜಪಾನ್ ಮತ್ತು ಚೀನಾದ ಹಲವು ಅಧ್ಯಯನಗಳಲ್ಲಿ ಮಾತ್ರ ತೀರ ಸಣಕಲಾಗಿದ್ದವರ ಫಲಿತಾಂಶವೇ ಕೆಟ್ಟದಾಗಿದೆ. ನನ್ನ ಮಟ್ಟಿಗೆ ಇವೆರಡೂ ಪರಸ್ಪರ ವಿರುದ್ಧವಲ್ಲ. ತೂಕ ಅಳೆದದ್ದು ಕಾಯಿಲೆ ದೇಹವನ್ನು ತಿನ್ನಲು ಆರಂಭಿಸಿದ ಮೇಲಾದರೆ, ಸಣಕಲುತನವು ಕಾಯಿಲೆ ಬಲಿತದ್ದರ ಗುರುತಾಗಿರಬಹುದೇ ಹೊರತು ಅದಕ್ಕೆ ಕಾರಣವಾಗಿರಬೇಕಿಲ್ಲ. ಜೊತೆಗೆ ಬೀಡಿ, ಸಿಗರೇಟು ಸೇದುವವರು ಸಾಮಾನ್ಯವಾಗಿ ತೆಳ್ಳಗಿರುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಿಜವಾದ ಉತ್ತರ ನನಗೆ ಸಿಕ್ಕಿದ್ದು ಮೈಯ ಸ್ನಾಯುವಿನಲ್ಲಿ. ಬಿಎಂಐಗೆ ಕೊಬ್ಬು ಯಾವುದು, ಸ್ನಾಯು ಯಾವುದು ಎಂಬುದು ತಿಳಿಯದು. ಆದರೆ ಕ್ಯಾನ್ಸರ್ ರೋಗಿಗೆ ಹೇಗೂ ಮಾಡಿಸುವ ಹೊಟ್ಟೆಯ ಸಿಟಿ ಸ್ಕ್ಯಾನಿನಲ್ಲಿ, ಸೊಂಟದ ಮೂರನೆಯ ಕಶೇರುವಿನ ಮಟ್ಟದ ಒಂದೇ ಚಿತ್ರದಿಂದ ಸ್ನಾಯುವಿನ ಪ್ರಮಾಣವನ್ನು ಅಳೆಯಬಹುದು. ಅಮೆರಿಕದ ಮೇಯೋ ಕ್ಲಿನಿಕ್‌ನವರು ಮೂತ್ರಕೋಶ ತೆಗೆಸಿಕೊಂಡ 205 ಮಂದಿಯಲ್ಲಿ ಹೀಗೆ ಅಳೆದು 2014ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಸ್ನಾಯು ಕ್ಷೀಣಿಸಿದವರಲ್ಲಿ ಐದು ವರ್ಷ ಬದುಕಿದವರು 39 ಪ್ರತಿಶತ, ಸ್ನಾಯು ಉಳಿಸಿಕೊಂಡವರಲ್ಲಿ 70 ಪ್ರತಿಶತ. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಸ್ನಾಯುವಿನ ವಿಷಯ ಔಷಧದ ಲೆಕ್ಕದಲ್ಲೂ ನುಸುಳುತ್ತದೆ. ಸ್ನಾಯುಪದರಕ್ಕಿಳಿದ ಗಡ್ಡೆಗೆ ಶಸ್ತ್ರಚಿಕಿತ್ಸೆಗೆ ಮೊದಲು ಕೊಡುವ ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಕಠಿಣವಾದ ಕೀಮೋ ಔಷಧ. ಮೂತ್ರಪಿಂಡದ ಶೋಧಿಸುವ ಶಕ್ತಿ ನಿಮಿಷಕ್ಕೆ 60 ಮಿಲಿಲೀಟರ್ ಅಥವಾ ಹೆಚ್ಚು ಇದ್ದವರಿಗೆ ಮಾತ್ರ ಸಾಮಾನ್ಯವಾಗಿ ಪೂರ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಆ ಶಕ್ತಿಯನ್ನು ಅಂದಾಜು ಮಾಡುವ ಹಳೆಯ ಸೂತ್ರದಲ್ಲಿ ವಯಸ್ಸು, ತೂಕ, ರಕ್ತದ ಕ್ರಿಯಾಟಿನಿನ್ ಮೂರೂ ಸೇರಿವೆ. ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಿಂದ; ಮೂತ್ರಪಿಂಡ ಸೋತರೆ ಅದು ರಕ್ತದಲ್ಲಿ ಏರುತ್ತದೆ. ಸ್ನಾಯು ಕರಗಿದವರಲ್ಲಿ ಅದು ಕಡಿಮೆ ತೋರುತ್ತದೆ; ಕೊಬ್ಬಿನ ಭಾರದಿಂದ ತೂಕ ಹೆಚ್ಚಿರುತ್ತದೆ; ಎರಡೂ ಸೇರಿ, ಮೂತ್ರಪಿಂಡ ಇರುವುದಕ್ಕಿಂತ ಗಟ್ಟಿಯಾಗಿದೆ ಎಂಬ ಭ್ರಮೆ ಹುಟ್ಟಿಸಬಲ್ಲವು. ತಂದೆಯವರ ವಿಷಯದಲ್ಲಿ ಇದನ್ನು ಕೇಳಿದಾಗ ವೈದ್ಯರು ಬೇಸರಪಟ್ಟುಕೊಳ್ಳದೆ, ಬೇರೆ ವಿಧಾನದಿಂದ ಇನ್ನೊಮ್ಮೆ ಪರೀಕ್ಷಿಸಿ ನಂತರವೇ ಔಷಧ ನಿಗದಿಪಡಿಸಿದರು.

ಬೊಜ್ಜಿನ ತೊಂದರೆಗಳನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಮೂತ್ರಕೋಶ ತೆಗೆದ ಮೇಲೆ ಕರುಳಿನ ತುಂಡಿನಿಂದ ಮೂತ್ರಕ್ಕೆ ದಾರಿ ಮಾಡಿ ಹೊಟ್ಟೆಯ ಮೇಲೆ ತೆರೆಯುವಾಗ, ದಪ್ಪ ಹೊಟ್ಟೆಯವರಲ್ಲಿ ಆ ತುಂಡು ಹೊರಗಿನವರೆಗೆ ಎಟುಕುವುದೇ ಕಷ್ಟ. ಮೂತ್ರ ತುಂಬುವ ಚೀಲ ಸರಿಯಾಗಿ ಅಂಟುವುದಿಲ್ಲ. ಗಾಯ ಕೀವಾಗುವುದೂ, ಪಕ್ಕದಲ್ಲಿ ಹರ್ನಿಯಾ ಆಗುವುದೂ ಹೆಚ್ಚು. ಹಾಗೆಂದು ಶಸ್ತ್ರಚಿಕಿತ್ಸೆಗೆ ಕೆಲವೇ ವಾರಗಳಿರುವಾಗ ಉಪವಾಸದಿಂದ ತೂಕ ಇಳಿಸಲು ಹೊರಟರೆ, ಉಳಿಸಿಕೊಳ್ಳಬೇಕಾದ ಸ್ನಾಯುವೂ ಹೋದೀತು.

ಆದ್ದರಿಂದ ನಾವು ತೂಕ ಇಳಿಸಲೂ ಇಲ್ಲ, ಏರಿಸಲೂ ಇಲ್ಲ. ಆಸ್ಪತ್ರೆಯ ಆಹಾರತಜ್ಞೆ ಹೇಳಿದಂತೆ ಮುದ್ದೆಯ ಗಾತ್ರ ಚಿಕ್ಕದಾಗಿ ಕಾಳಿನ ಸಾರು ಗಟ್ಟಿಯಾಯಿತು. ಮೊಟ್ಟೆ ತಿನ್ನದ ಅವರು ಮೂರು ಹೊತ್ತೂ ಮೊಸರು, ಪನೀರು, ಹುರಿಗಡಲೆಯಲ್ಲಿ ಒಂದಿಲ್ಲೊಂದನ್ನು ತಿಂದರು. ಕೀಮೋ ನಡೆದ ವಾರಗಳಲ್ಲಿಯೂ ಮನೆಯ ಮೆಟ್ಟಿಲನ್ನು ದಿನಕ್ಕೆರಡು ಬಾರಿ ಹತ್ತಿದರು, ಅಮ್ಮ ಕೆಳಗೆ ನಿಂತು ಎಣಿಸುತ್ತಿದ್ದರು.

ಶಸ್ತ್ರಚಿಕಿತ್ಸೆಯಾಗಿ ಏಳು ತಿಂಗಳಾಗಿದೆ. ಅವರ ಡೈರಿಯಲ್ಲಿ ಪ್ರತಿ ಭಾನುವಾರ ಮೂರು ಅಂಕಿಗಳಿರುತ್ತವೆ: ತೂಕ, ಮೀನಖಂಡದ ಸುತ್ತಳತೆ, ಮತ್ತು ಕೈಯೂರದೆ ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು ಹಿಡಿಯುವ ಸೆಕೆಂಡುಗಳು. ಏಷ್ಯಾದವರಿಗಾಗಿ ತಜ್ಞರು ಹೇಳುವಂತೆ ಗಂಡಸರ ಮೀನಖಂಡ 34 ಸೆಂಟಿಮೀಟರಿಗಿಂತ ಕಡಿಮೆಯಾದರೆ, ಕುರ್ಚಿಯ ಪರೀಕ್ಷೆಗೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಎಚ್ಚರ ವಹಿಸಬೇಕು. ತೂಕ ಈಗ 73. ಮನೆಗೆ ಬಂದ ಮೊದಲ ವಾರ 19 ಸೆಕೆಂಡು ಹಿಡಿದಿತ್ತು. ಕಳೆದ ಭಾನುವಾರ 13.