ರುಜು ಹಾಕಿದ ಹೊತ್ತಿನಲ್ಲಿ ತಲೆ ಸರಿಯಿತ್ತಾ?

ವಿಲ್ ತಕರಾರಿಗೆ ಬರುವ ಕಕ್ಷಿದಾರರು ಮೊದಲು ನನ್ನ ಮೇಜಿನ ಮೇಲಿಡುವುದು ಆಸ್ಪತ್ರೆಯ ಫೈಲು. "ಮೇಡಂ, ಅಪ್ಪಂಗೆ ಮರೆವಿನ ಕಾಯಿಲೆ ಅಂತ ಡಾಕ್ಟ್ರೇ ಬರ್ದವ್ರೆ. ವಿಲ್ ಬಿದ್ದೋಯ್ತದೆ ಅಲ್ವಾ?"

ಅಷ್ಟು ಸುಲಭಕ್ಕೆ ಬೀಳುವುದಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 59ನೇ ಕಲಮಿನ ಪ್ರಕಾರ, ಬುದ್ಧಿ ಸ್ಥಿಮಿತ ಇಲ್ಲದವರೂ ತಿಳಿಯಾಗಿದ್ದ ಗಳಿಗೆಯಲ್ಲಿ ವಿಲ್ ಬರೆಸಬಹುದು. ಹಾಗಂತ ಮಾತಾಡಿಸಿದ್ದಕ್ಕೆ ಉತ್ತರ ಕೊಟ್ಟರೆ ಸಾಕೆಂದೂ ಅಲ್ಲ. ತನ್ನ ಆಸ್ತಿ ಏನು, ತನ್ನವರು ಯಾರು, ಯಾರಿಗೆ ಕೊಡುವುದು ನ್ಯಾಯ ಎಂಬ ತಿಳಿವಳಿಕೆ ಇರಬೇಕು. ಆ ಕಲಮಿನ ಕೆಳಗಿನ ಉದಾಹರಣೆಯೊಂದು ಇದನ್ನೇ ಹೇಳುತ್ತದೆ. "ಊಟ ಆಯ್ತಾ ಅಂದ್ರೆ ಹೂಂ ಅಂದ್ರು" ಎನ್ನುವ ಸಾಕ್ಷಿಯಿಂದ ಏನೂ ಗಿಟ್ಟದು.

ಮಂಡ್ಯ ಕಡೆಯ ಒಂದು ದಾವೆ. ಗುರುತು ಸಿಗದ ಹಾಗೆ ಬರೆಯುತ್ತಿದ್ದೇನೆ. ನಾನು ವಿಲ್ ಪ್ರಶ್ನಿಸಿದ ಮಗನ ಪರ. ಟೈಪಾದ ಎರಡು ಸಾಲುಗಳ ನಡುವೆ ನೀಲಿ ಇಂಕಿನಲ್ಲಿ ಒಂದು ಸಾಲು ತುರುಕಿತ್ತು, ಪಕ್ಕದಲ್ಲೇ ಯಜಮಾನರ ಹೆಬ್ಬೆಟ್ಟು. ಆಮೇಲೆ ಸೇರಿಸಿದ್ದಿರಬೇಕು ಎಂದೇ ನನ್ನ ಗುಮಾನಿ. ಪಾಟೀಸವಾಲಿನಲ್ಲಿ ಅದನ್ನೇ ಹಿಡಿದೆ. ಸಾಕ್ಷಿ ಹಾಕಿದ್ದ ಪಕ್ಕದ ಮನೆಯವರು ತಡವರಿಸಲೇ ಇಲ್ಲ: "ಸರ್ವೆ ನಂಬರ್ ಓದ್ತಿದ್ದಾಗ ತಡ್ದು, 'ನಾಲೆ ಕೆಳಗಿನ ಇಪ್ಪತ್ತು ಗುಂಟೆ ಬಿಟ್ಟೋಗದೆ ಕಣಯ್ಯಾ, ಅದು ಚಿಕ್ಕೋಳ್ಗೆ' ಅಂದ್ರು. ಆಗ ಬರ್ದಿದ್ದು." ಪಹಣಿ ತೆಗೆಸಿ ನೋಡಿದರೆ ಇಪ್ಪತ್ತೇ ಗುಂಟೆ! ನಮ್ಮ ಕಡೆಯ ಸ್ಕ್ಯಾನ್ ರಿಪೋರ್ಟು ಅದರ ಮುಂದೆ ಮಂಕಾಯಿತು.

ಅನುಮಾನಕ್ಕೆ ಎಡೆಯಿದ್ದರೆ ಅದನ್ನು ನಿವಾರಿಸುವ ಹೊರೆ ವಿಲ್ ಹಿಡಿದು ಬಂದವರದ್ದೇ. ಸುಪ್ರೀಂ ಕೋರ್ಟು 1958ರಲ್ಲಿ ಹೀಗೆ ಹೇಳಿದ್ದು ನಮ್ಮ ಮೈಸೂರು ಹೈಕೋರ್ಟಿನಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಮೇಲ್ಮನವಿಯಲ್ಲಿ. ಬರೆಸಿದವರನ್ನು ಸಾಕ್ಷಿಕಟ್ಟೆಗೆ ಕರೆಯುವ ಹಾಗಿಲ್ಲವಲ್ಲ. ರಿಜಿಸ್ಟರ್ ಆಗಿದೆ ಎಂದ ಮಾತ್ರಕ್ಕೂ ಈ ಹೊರೆ ಇಳಿಯದು.

ಈಗೀಗ ವಿಲ್ಲಿನ ಜೊತೆ ಡಾಕ್ಟರ್ ಸರ್ಟಿಫಿಕೇಟ್ ಲಗತ್ತಿಸುವುದು ರೂಢಿ. ಬಹುಪಾಲು ಒಂದೇ ಸಾಲು, "ಸ್ವಸ್ಥಚಿತ್ತರಾಗಿದ್ದಾರೆ", ಕೆಳಗೆ ಸೀಲು. "ಏನೇನು ಕೇಳಿದ್ರಿ ಡಾಕ್ಟ್ರೇ?" ಅಂದರೆ ಮುಗಿಯಿತು. ಮಕ್ಕಳೆಷ್ಟು, ಜಮೀನು ಎಲ್ಲೆಲ್ಲಿದೆ, ದೊಡ್ಡ ಮಗನಿಗೆ ಯಾಕೆ ಕೊಟ್ಟಿಲ್ಲ ಎಂದು ಕೇಳಿ, ಅವರಂದ ಮಾತಲ್ಲೇ ಉತ್ತರ ಬರೆದಿಟ್ಟ ಡಾಕ್ಟರು ಅಪರೂಪ. ಅಂಥ ಹಾಳೆ ಎದುರು ಪಕ್ಷದ ಕೈಲಿದ್ದರೆ ನಾನು ಮೊದಲು ರಾಜಿ ಮಾತಾಡುತ್ತೇನೆ.