ಭದ್ರಾವತಿಯಿಂದ ದುರ್ಗದ ಎಫ್‌ಎಂವರೆಗೆ

ದಾವಣಗೆರೆ ಸೀಮೆಯಲ್ಲಿ ಸೋಬಾನೆ, ಕೋಲಾಟದ ಪದ ಕೇಳಲು ಹಳೇ ದಾರಿ ಭದ್ರಾವತಿ ಆಕಾಶವಾಣಿ, ಮೀಡಿಯಂ ವೇವ್ 675 ಕಿಲೋಹರ್ಟ್ಸ್. ಮೀಡಿಯಂ ವೇವ್‌ಗೆ ಮೇಲಿನ ಕಡ್ಡಿ ಎಳೆದು ಪ್ರಯೋಜನವಿಲ್ಲ. ಪೆಟ್ಟಿಗೆಯೊಳಗೆ ತಂತಿ ಸುತ್ತಿದ ಕಪ್ಪು ಫೆರೈಟ್ ಕೋಲೇ ಆಂಟೆನಾ. ಅದರ ತುದಿ ಸ್ಟೇಷನ್ ಕಡೆ ನೆಟ್ಟರೆ ದನಿ ಕುಗ್ಗುತ್ತದೆ. ರೇಡಿಯೋವನ್ನೇ ಅಡ್ಡ ತಿರುಗಿಸಿ. ಪಕ್ಕದಲ್ಲಿ ಎಲ್‌ಇಡಿ ಬಲ್ಬೋ ಮೊಬೈಲ್ ಚಾರ್ಜರೋ ಇದ್ದರೆ ಹಾಡಿಗಿಂತ ಗುಂಯ್‌ಗುಡುವುದೇ ಜಾಸ್ತಿ!

ಚಿತ್ರದುರ್ಗ ಆಕಾಶವಾಣಿ ಎಫ್‌ಎಂನಲ್ಲಿ, 102.6 ಮೆಗಾಹರ್ಟ್ಸ್‌ನಲ್ಲಿದೆ. ಇದರ ಲೆಕ್ಕವೇ ಬೇರೆ. ತರಂಗದ ಉದ್ದ ಸುಮಾರು 2.92 ಮೀಟರ್, ಕಾಲು ಭಾಗ 73 ಸೆಂ.ಮೀ. ಕಡ್ಡಿ ಅಷ್ಟು ಉದ್ದವಿದ್ದರೆ ಸಾಕು. ಕಲ್ಲುಗುಡ್ಡ ಅಡ್ಡ ಬಂದರೆ ಎಫ್‌ಎಂ ಮಂಕಾಗುತ್ತದೆ. ಮನೆಯೊಳಗೆ ಒದ್ದಾಡುವ ಬದಲು ಮಾಳಿಗೆ ಹತ್ತಿ.

ಗೊಲ್ಲರ ಗಣೆಯ (ಬಿದಿರಿನ ಕೊಳಲು) ಉಸಿರು ಕೇಳಬೇಕಾದರೆ ಮಾತ್ರ ಎಫ್‌ಎಂ ಬೇಕೇ ಬೇಕು. ಮೀಡಿಯಂ ವೇವ್‌ನಲ್ಲಿ ಆ ಸಣ್ಣ ಸದ್ದು ಉಳಿಯುವುದಿಲ್ಲ.