ಓರೆ ಬಿಸಿಲಿನ ಬೆನ್ನು ಹಿಡಿದು

ಕಲ್ಲಿನ ಕೆತ್ತನೆಯ ಚಿತ್ರ ತೆಗೆಯುವವರಿಗೆ ಡಿಸೆಂಬರ್‌ಗಿಂತ ಒಳ್ಳೆಯ ತಿಂಗಳಿಲ್ಲ. ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ, ನಡುಹಗಲಿನಲ್ಲೂ ನೆತ್ತಿಗೆ ಏರುವುದಿಲ್ಲ. ಮೇ ತಿಂಗಳ ಆರಂಭದಲ್ಲಿ ನಮ್ಮ ಹುಬ್ಬಳ್ಳಿ, ಗದಗದ ಕಡೆ ಮಧ್ಯಾಹ್ನದ ಹೊತ್ತಿಗೆ ಕಂಬದ ನೆರಳು ಬುಡದಲ್ಲೇ ಕರಗಿಹೋಗುತ್ತದೆ; ಆಗ ಎಂಥ ಕುಸುರಿ ಕೆಲಸವೂ ಚಪ್ಪಟೆ. ಡಿಸೆಂಬರಿನ ಬಿಸಿಲು ಓರೆಯಾಗಿ ಬೀಳುತ್ತದೆ, ಉಳಿಯ ಒಂದೊಂದು ಗೀರಿಗೂ ಅದರದೇ ನೆರಳು ಕೊಡುತ್ತದೆ. ಅದಕ್ಕೇ ಕ್ರಿಸ್‌ಮಸ್ ರಜೆಯ ದಿನ ನಸುಕಿನಲ್ಲಿ ಹುಬ್ಬಳ್ಳಿಯಿಂದ ಗದಗಿನ ರೈಲು ಹತ್ತಿದೆ.

ನನ್ನದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ರಜೆಯಲ್ಲಿ ಕ್ಯಾಮೆರಾ ಹಿಡಿದು ಹಳೆಯ ಓಣಿಗಳನ್ನು ಸುತ್ತುತ್ತೇನೆ. ಬಾಗಿಲ ಚೌಕಟ್ಟು, ಕಂಬದ ಮೇಲಿನ ಬೋದಿಗೆ, ಅಗಳಿ ಸೇರುವ ತೂತು, ಕಿಟಕಿಯ ಸರಳಿನ ಬಳ್ಳಿ, ಇಂಥವೇ ನನ್ನ ಚಿತ್ರಗಳು. ಇಡೀ ಕಟ್ಟಡ ಒಂದೇ ಚೌಕಟ್ಟಿನಲ್ಲಿ ಹಿಡಿಯಬೇಕೆಂಬ ಹಟ ನನಗಿಲ್ಲ. ಅಗಲವಾದ ಲೆನ್ಸಿನಲ್ಲಿ ತೆಗೆದ ದೇವಸ್ಥಾನದ ಚಿತ್ರದಲ್ಲಿ ಆಕಾಶವೇ ಅರ್ಧ ತುಂಬಿರುತ್ತದೆ. ಕೆಲಸಗಾರನ ಕೈ ಅದರಲ್ಲಿ ಎಲ್ಲೂ ಕಾಣುವುದಿಲ್ಲ.

ಅಣ್ಣಿಗೇರಿ ಬಂದಾಗ ಬೆಳಕು ಹರಿದಿತ್ತು. ಅಲ್ಲಿನ ಅಮೃತೇಶ್ವರ ದೇವಸ್ಥಾನವನ್ನು ಆ ಹಾದಿಯಲ್ಲಿ ಹೋಗುವಾಗಲೆಲ್ಲ ನೆನೆಯುತ್ತೇನೆ. 11ನೇ ಶತಮಾನದ ನಡುವಿನಲ್ಲಿ ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲಿಗೆ ಕೈ ಹಾಕಿದ ಮೊದಲ ಗುಡಿಗಳಲ್ಲಿ ಅದೂ ಒಂದು. ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲು ದೊಡ್ಡ ಮೈಯ ಮೂರ್ತಿಗಳಿಗೆ ಒಗ್ಗುತ್ತದೆ. ಬಳಪದ ಕಲ್ಲು ಗಣಿಯಿಂದ ಹೊಸದಾಗಿ ಬಂದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಮಣಿಯಷ್ಟು ಸಣ್ಣ ಕೆಲಸವನ್ನೂ ಅದು ತಾಳಿಕೊಳ್ಳುತ್ತದೆ. ಲಕ್ಕುಂಡಿ, ಗದಗ, ಡಂಬಳಗಳ ಸೊಬಗೆಲ್ಲ ಈ ಕಲ್ಲಿನ ಗುಣದಿಂದ ಹುಟ್ಟಿದ್ದು, ಆಮೇಲೆ ಹೊಯ್ಸಳರು ಬೆಳೆಸಿದ್ದೂ ಇದನ್ನೇ.

ಗದಗಿನಲ್ಲಿ ಇಳಿದವಳು ನೇರ ತ್ರಿಕೂಟೇಶ್ವರಕ್ಕೆ ನಡೆದೆ. ಒಂದೇ ಪೀಠದ ಮೇಲೆ ಬ್ರಹ್ಮ, ವಿಷ್ಣು, ಮಹೇಶ್ವರರ ಹೆಸರಿನ ಮೂರು ಲಿಂಗಗಳಿರುವ ಗುಡಿ ಅದು. ನನಗೆ ಬೇಕಾಗಿದ್ದುದು ಅದೇ ಆವರಣದ ಸರಸ್ವತಿ ಗುಡಿಯ ಕಂಬಗಳು. ಅವುಗಳ ಮೈ ತುಂಬ ಕೆತ್ತನೆಯಿದೆ, ಒಂದು ಬೆರಳಗಲ ಖಾಲಿ ಬಿಟ್ಟಿಲ್ಲ. ಆದರೆ ಹೆಚ್ಚು ಹೊತ್ತು ನಾನು ನಿಂತದ್ದು ಕೆತ್ತನೆ ಕಡಿಮೆಯಿರುವ, ತಿರುಗಣಿಯಲ್ಲಿ ಕಡೆದ ಒಂದು ಕಂಬದ ಮುಂದೆ. ಬಿಸಿಲು ಪಕ್ಕದಿಂದ ಬಂದು ಅದನ್ನು ಸವರಿದಾಗ, ನುಣುಪೆಂದು ತೋರುತ್ತಿದ್ದ ಮೈಯಲ್ಲಿ ಕೂದಲೆಳೆಯಂಥ ಗೆರೆಗಳು ಸುತ್ತಲೂ ಎದ್ದು ನಿಂತವು. ಕಲ್ಲು ತಿರುಗುತ್ತಿದ್ದಾಗ ಉಳಿ ಕೊರೆದ ಗುರುತುಗಳು. ಬಿಸಿಲು ಮೇಲೇರುತ್ತಿದ್ದಂತೆ ಅವು ಮತ್ತೆ ಕಲ್ಲಿನೊಳಗೆ ಅಡಗುತ್ತವೆ, ಹಾಗಾಗಿ ಆತುರ ಬೇಕು. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕಾಗುವುದರಿಂದ ಕೈಯಲ್ಲೇ ಹಿಡಿದು, ಕಂಬ ನೆಟ್ಟಗೆ ಕಾಣುವಂತೆ ಮಂಡಿಯೂರಿ ತೆಗೆಯುತ್ತಿದ್ದೆ.

ಪ್ರದಕ್ಷಿಣೆ ಮುಗಿಸಿದ ಒಬ್ಬರು ನನ್ನ ಹಿಂದೆ ಬಂದು ನಿಂತರು. "ಏನು ಹುಡುಕುತ್ತಿದ್ದೀರಿ ಅಕ್ಕಾ? ಮೂರ್ತಿಗಳು ಆ ಕಡೆ ಇವೆಯಲ್ಲ" ಎಂದರು. ಗೆರೆಗಳನ್ನು ತೋರಿಸಿದೆ. ಅವರು ಬಗ್ಗಿ ನೋಡಿದರು, ಕಂಬವನ್ನು ಒಂದು ಸುತ್ತು ಬಂದು ಮತ್ತೆ ನೋಡಿದರು. ಊರಿನ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷಿನ್ ನಡೆಸುವವರಂತೆ. "ಈ ಕುತ್ತಿಗೆ ನೋಡಿ, ಎಷ್ಟು ತೆಳು ತೆಗೆದಿದ್ದಾನೆ. ತಿರುಗುವಾಗ ನಡು ಒಂದು ಕೂದಲಷ್ಟು ಕದಲಿದರೂ ಇಲ್ಲಿ ಮುರಿಯುತ್ತಿತ್ತು. ನಮಗೆ ಮೋಟಾರ್ ಇದೆ, ಕಬ್ಬಿಣದ ಹಾಸು ಇದೆ. ಇವನಿಗೆ ಏನಿತ್ತು?" ಎಂದು ನನ್ನನ್ನೇ ಕೇಳಿದರು. ಆ ಗುಡಿಯ ಬಗ್ಗೆ ನಾನು ಓದಿದ್ದೆಲ್ಲಕ್ಕಿಂತ ಆ ಪ್ರಶ್ನೆ ತೂಕದ್ದೆನಿಸಿತು. ಅವರು ಬೆರಳಿಟ್ಟು ತೋರಿಸಿದ ಆ ಕುತ್ತಿಗೆಯನ್ನೇ, ಬೇರೆ ಏನೂ ಬಾರದಂತೆ, ಚೌಕಟ್ಟಿನ ತುಂಬ ತೆಗೆದುಕೊಂಡೆ.

ವೀರನಾರಾಯಣ ಗುಡಿಗೂ ಹೋದೆ. ಕುಮಾರವ್ಯಾಸ ಒರಗಿ ಕುಳಿತು ಭಾರತ ಬರೆದನೆಂದು ಜನ ನಂಬಿರುವ ಕಂಬಕ್ಕೆ ಕೈಮುಗಿದೆ. ಜನಜಂಗುಳಿ ಹೆಚ್ಚಿತ್ತು, ಕ್ಯಾಮೆರಾ ಚೀಲದಲ್ಲೇ ಉಳಿಯಿತು. ಮುದ್ರಣಕ್ಕೆ ಹೆಸರಾದ ಊರಿನ ಅಂಗಡಿ ಫಲಕಗಳನ್ನು ನೋಡುತ್ತ ಬೆಟಗೇರಿಯ ದಾರಿ ಹಿಡಿದೆ.

ಬೆಟಗೇರಿ ನೇಕಾರರ ಊರು. ಒಂದು ಓಣಿಯ ಮನೆಯ ಮುಂದೆ ಹಳೆಯ ಹೆಂಚುಗಳನ್ನು ಒಟ್ಟಿದ್ದರು. ಒಂದನ್ನು ತಿರುವಿ ನೋಡಿದರೆ ಬೆನ್ನ ಮೇಲೆ ಬಾಸೆಲ್ ಮಿಷನ್ನಿನ ಮುದ್ರೆ, ಜೊತೆಗೆ 1865 ಎಂಬ ಇಸವಿ. ಇಂಥ ಹೆಂಚು ಸಿಕ್ಕಾಗ ಜನ ಮನೆಗೂ ಅದೇ ವಯಸ್ಸು ಕಟ್ಟುತ್ತಾರೆ. ಆದರೆ 1865 ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ ಹೆಂಚಿನ ಕಾರ್ಖಾನೆ ಶುರುಮಾಡಿದ ವರ್ಷ. ಎಷ್ಟೋ ದಶಕ ಕಳೆದ ಮೇಲೆ ಸುಟ್ಟ ಹೆಂಚುಗಳ ಮೇಲೂ ಅದೇ ಮುದ್ರೆ ಬೀಳುತ್ತಿತ್ತು. ಹೆಂಚನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಅಕ್ಷರ ಮೂಡುವಂತೆ ತಿರುಗಿಸುತ್ತಿದ್ದಾಗ ಒಳಗಿನಿಂದ ಒಬ್ಬ ಅಜ್ಜಿ ಹೊರಗೆ ಬಂದರು.

"ಹೆಂಚು ಕೊಳ್ಳುವವಳೇನು ತಂಗಿ?"

"ಇಲ್ಲ ಅಜ್ಜಿ, ಚಿತ್ರ ತೆಗೆಯುವವಳು."

"ಮುರಿದ ಹೆಂಚಿನ ಚಿತ್ರ ಯಾಕೆ? ಒಳಗೆ ಬಾ, ಮಗ್ಗ ಇದೆ."

ಹೊರಗೆ ಹನ್ನೊಂದೂವರೆಯ ಬಿಸಿಲು. ನನ್ನಂಥವರು ಕ್ಯಾಮೆರಾ ಮುಚ್ಚಿಡುವ ಹೊತ್ತು. ಹೊಸ್ತಿಲು ದಾಟಿ ಪಡಸಾಲೆಗೆ ಕಾಲಿಟ್ಟಾಗ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ತುಸು ಹೊತ್ತು ಬೇಕಾಯಿತು. ಆಮೇಲೆ ಒಂದೊಂದಾಗಿ ಕಂಡವು: ಹೊಗೆ ಹಿಡಿದು ಕಪ್ಪಾದ ತೊಲೆ, ಅದರ ಮೇಲೆ ಒತ್ತಾಗಿ ಜೋಡಿಸಿದ ಜಂತಿ, ಗೋಡೆಯಲ್ಲಿ ದೀಪದ ಗೂಡು, ಒಳಗಿನ ಅಂಕಣದಲ್ಲಿ ಕುಣಿಮಗ್ಗ. ಮಗ್ಗದ ಮೇಲೆ ಮಾತ್ರ ಬೆಳಕಿತ್ತು. ಮಾಳಿಗೆಯ ಮಣ್ಣಿನ ದಪ್ಪವನ್ನು ಸೀಳಿಕೊಂಡು ಬಂದ ಬೆಳಕಿಂಡಿಯಿಂದ, ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನ, ಪ್ರತಿ ಎಳೆಯೂ ಎಣಿಕೆಗೆ ಸಿಗುವಂತೆ ಅದು ಇಳಿಯುತ್ತಿತ್ತು. ಆಶ್ಚರ್ಯವೆಂದರೆ ಬಿಸಿಲಿನ ಕೋಲು ಮಗ್ಗದ ಮೇಲಿರಲಿಲ್ಲ; ತೆಳ್ಳಗಿನ ಪಟ್ಟಿಯಾಗಿ ಉತ್ತರದ ಗೋಡೆಗೆ ಒರಗಿತ್ತು.

"ಬಿಸಿಲು ಹಾಸಿನ ಮೇಲೆ ಬೀಳಬಾರದು, ಬಣ್ಣ ಮಂಕಾಗುತ್ತದೆ" ಎಂದರು ಅಜ್ಜಿ. "ಚಳಿಗಾಲದಲ್ಲಿ ಅದು ಹೀಗೆ ಗೋಡೆಗೆ ಹೋಗುತ್ತದೆ. ವೈಶಾಖದಲ್ಲಿ ನೇರ ಕೆಳಗೇ ಬೀಳುತ್ತದೆ, ಆಗ ಕಿಂಡಿಗೆ ಬಿಳಿ ಬಟ್ಟೆ ಕಟ್ಟುತ್ತೇವೆ. ಮೊದಲು ಗಾಜು ಎಲ್ಲಿತ್ತು? ಮಳೆ ಬಂದರೆ ನಾವು ಹುಡುಗಿಯರೇ ಮಾಳಿಗೆ ಹತ್ತಿ ಗಡಿಗೆ ಮುಚ್ಚಿ ಬರುತ್ತಿದ್ದೆವು."

ಮಗ್ಗ ಎಲ್ಲಿ ಕೂರಬೇಕೆಂಬುದನ್ನು ಮೊದಲು ಗೊತ್ತುಮಾಡಿ, ಆಮೇಲೆ ಕಿಂಡಿಯನ್ನು, ಅದರ ಸುತ್ತ ತೊಲೆ ಜಂತಿಗಳನ್ನು ಕೂರಿಸಿದ ಮನೆ ಅದು. ಕಿಂಡಿಯ ಬಾಯಿ ಮೇಲೆ ಕಿರಿದು, ಕೆಳಗೆ ಬರುತ್ತ ಅಗಲ. ಇಷ್ಟೆಲ್ಲ ಯೋಚಿಸಿದವನು ಒಬ್ಬ ಊರ ಗೌಂಡಿ. ಬೆಳಗ್ಗೆ ಕಂಡ ಕಂಬದ ಶಿಲ್ಪಿಗೆ ನಾನು ಕೊಡುವ ಗೌರವವನ್ನೇ ಅವನಿಗೂ ಕೊಡುತ್ತೇನೆ, ಒಂದು ಗುಲಗಂಜಿಯೂ ಕಡಿಮೆಯಿಲ್ಲದೆ. ಕಟ್ಟಿದವರು ಬೆಳಕಿಗೆ ಜಾಗ ಮಾಡಿಟ್ಟಿರುತ್ತಾರೆ, ಆ ಜಾಗವನ್ನೂ ಅದರ ಹೊತ್ತನ್ನೂ ಕಂಡುಹಿಡಿಯುವುದೇ ಈ ಹವ್ಯಾಸದಲ್ಲಿ ನನಗೆ ಸಿಗುವ ದೊಡ್ಡ ಸುಖ.

ಕಂಬಕ್ಕೆ ಒರಗಿ, ಉಸಿರು ಬಿಗಿಹಿಡಿದು, ನಿಧಾನ ಶಟರಿನಲ್ಲಿ ತೆಗೆಯತೊಡಗಿದೆ. ಅಜ್ಜಿಯ ಮಗ ಕುಣಿಯಲ್ಲಿ ಕಾಲಿಳಿಸಿ ಕೂತು ಲಾಳಿ ಓಡಿಸುತ್ತಿದ್ದರು, ನನ್ನನ್ನು ಗಮನಿಸಲೇ ಇಲ್ಲ. ಗೋಡೆಯ ಮೇಲಿನ ಬಿಸಿಲ ಪಟ್ಟಿ ಪೂರ್ವಕ್ಕೆ ಸರಿಯುತ್ತ ಹೋಯಿತು. ಅದು ಸರಿದಂತೆಲ್ಲ ಒಂದೊಂದು ಚಿತ್ರ. ನಡುವೆ ಅಜ್ಜಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕೊಟ್ಟರು, ಬೇಡವೆಂದರೆ ಬಿಡುವವರಲ್ಲ.

ಊಟದ ಹೊತ್ತಿನಲ್ಲೇ ಹೆಂಚಿನ ಒಟ್ಟಿಲಿನ ಕಥೆ ಗೊತ್ತಾಯಿತು. ಹಿತ್ತಲ ಕಡೆಯ ಹೆಂಚಿನ ಮಾಡನ್ನು ಆಗಲೇ ಇಳಿಸಿದ್ದಾರೆ, ಯುಗಾದಿಯ ಮೇಲೆ ಮಾಳಿಗೆಯನ್ನೂ ತೆಗೆದು ಸ್ಲ್ಯಾಬ್ ಹಾಕಿಸುತ್ತಾರೆ. ಪ್ರತಿ ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಕರಲು ಮಣ್ಣು ಹಾಕಿ ತುಳಿಸುವ ಆಳು ಈಗ ಸಿಗುವುದಿಲ್ಲ, ಸೋರುವ ಮೂಲೆಯಲ್ಲಿ ನೂಲು ಇಡಲಾಗುವುದಿಲ್ಲ. ಅವರ ಕಷ್ಟ ಅವರದು. ಹಳೆಯ ಮನೆ ಉಳಿಸಿಕೊಳ್ಳಿ ಎಂದು ಹೇಳುವ ಹಕ್ಕು ರೊಟ್ಟಿ ತಿಂದು ಹೋಗುವ ನನಗಿಲ್ಲ ಎಂದೇ ನಂಬಿದ್ದೇನೆ. "ಕಿಂಡಿ?" ಎಂದಷ್ಟೇ ಕೇಳಿದೆ.

"ಟ್ಯೂಬ್‌ಲೈಟ್ ಹಾಕುತ್ತೇವೆ ಅಕ್ಕಾ" ಎಂದರು ಮಗ.

"ಟ್ಯೂಬ್‌ಲೈಟಿನಲ್ಲಿ ನೀಲಿ ಯಾವುದು, ಕಪ್ಪು ಯಾವುದು?" ಎಂದು ಅಜ್ಜಿ ಒಳಗಿನಿಂದಲೇ ಕೂಗಿದರು. ಮಗ ನಕ್ಕು ಸುಮ್ಮನಾದರು.

ಸಂಜೆ ಲಕ್ಕುಂಡಿಗೆ ಬಸ್ ಹಿಡಿದೆ. ಕಾಶಿವಿಶ್ವನಾಥ ಗುಡಿಯ ದಕ್ಷಿಣದ ಬಾಗಿಲಿಗೆ ಡಿಸೆಂಬರಿನ ಇಳಿಹೊತ್ತಿನ ಬಿಸಿಲು ಪಕ್ಕದಿಂದ ತಾಗುತ್ತದೆ. ಬಾಗಿಲವಾಡದ ಶಾಖೆಗಳು, ಅಂದರೆ ಚೌಕಟ್ಟಿನ ಕೆತ್ತನೆಯ ಪಟ್ಟಿಗಳು, ಒಂದರ ಹಿಂದೊಂದು ಪದರಪದರವಾಗಿ ಬೇರ್ಪಟ್ಟು, ಬಳ್ಳಿಯ ಹಿಂದಿನ ಕತ್ತಲೆ ಕೂಡ ಕೆತ್ತಿದಂತೆಯೇ ಕಾಣುತ್ತದೆ. ಹಿಂದೊಮ್ಮೆ ಬೇಸಿಗೆಯಲ್ಲಿ ಬಂದಾಗ ಇದೇ ಬಾಗಿಲು ಸಪ್ಪೆಯಾಗಿ ತೋರಿತ್ತು. ಗೈಡ್ ಒಬ್ಬರು ಪ್ರವಾಸಿಗರ ಗುಂಪನ್ನು ಬೇಗ ಬೇಗ ಮುಂದಕ್ಕೆ ಸಾಗಿಸುತ್ತಿದ್ದರು. ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲಲು ಬಿಡಬಾರದೇ ಎಂದು ನಿಜವಾಗಿಯೂ ಸಂಕಟವಾಯಿತು.

ಮನೆಗೆ ಬಂದು ಚಿತ್ರಗಳನ್ನು ವಿಂಗಡಿಸುವಾಗ ಬೆಟಗೇರಿಯವನ್ನು ಸಮಯದ ಪ್ರಕಾರ ಸಾಲಾಗಿ ಇಟ್ಟೆ. ಹನ್ನೊಂದೂವರೆ, ಹನ್ನೆರಡು, ಹನ್ನೆರಡೂವರೆ, ಒಂದು. ಗೋಡೆಯ ಮೇಲೆ ಬಿಸಿಲು ನಡೆದ ದಾರಿ, ಅಷ್ಟು ಹೊತ್ತೂ ಹಾಸಿನ ಮೇಲೆ ಕದಲದೆ ಉಳಿದ ಬೆಳಕು, ಎರಡೂ ಸ್ಪಷ್ಟವಾಗಿದ್ದವು. ಅವುಗಳನ್ನು ಅಜ್ಜಿಯ ಮಗನ ಮೊಬೈಲಿಗೆ ಕಳಿಸಿದೆ. ಜೊತೆಗೆ ಬರೆದದ್ದು ಇಷ್ಟೇ: ಸ್ಲ್ಯಾಬ್ ಹಾಕಿಸಿದರೂ ಮಗ್ಗ ಇದೇ ಜಾಗದಲ್ಲಿರುವುದಾದರೆ, ಕಿಂಡಿ ಎಲ್ಲಿರಬೇಕೆಂದು ಗೌಂಡಿಗೆ ತೋರಿಸಲು ಇವು ಉಪಯೋಗಕ್ಕೆ ಬರಬಹುದು.

ಸಂಕ್ರಾಂತಿ ಕಳೆದ ಮೇಲೆ ಅವರ ಫೋನ್ ಬಂತು. ಗೌಂಡಿ ಚಿತ್ರಗಳನ್ನು ನೋಡಿದ್ದಾನೆ, ಮಗ್ಗದಿಂದ ಗೋಡೆಗೆ ಅಳತೆ ಹಿಡಿದಿದ್ದಾನೆ, ಎರಡು ಅಡಿಯ ಕಿಂಡಿ ಬಿಡಲು ಒಪ್ಪಿದ್ದಾನೆ. ಆದರೆ ಸ್ಲ್ಯಾಬಿನ ದಪ್ಪ ಮಣ್ಣಿನ ಮಾಳಿಗೆಯಷ್ಟು ಇರುವುದಿಲ್ಲವಲ್ಲ, ಬಿಸಿಲು ಹೆಚ್ಚು ಒಳಗೆ ಬಂದರೆ ಏನು ಮಾಡುವುದು, ಕಿಂಡಿಗೆ ಸಾದಾ ಗಾಜು ಹಾಕಿಸುವುದೋ ಹಾಲುಬಣ್ಣದ್ದೋ ಎಂದು ಕೇಳಿದರು. ಹಾಲುಬಣ್ಣದ್ದು ಹಾಕಿಸಿ, ವೈಶಾಖದಲ್ಲಿ ಬಟ್ಟೆ ಕಟ್ಟುವ ಕೆಲಸ ತಪ್ಪುತ್ತದೆ ಎಂದೆ. ಹಿಂದಿನಿಂದ ಅಜ್ಜಿಯ ಧ್ವನಿ ಕೇಳಿಸಿತು. ಸಾದಾ ಗಾಜೇ ಇರಲಿ, ಬಟ್ಟೆ ನಾನು ಕಟ್ಟುತ್ತೇನೆ ಎನ್ನುತ್ತಿದ್ದರು.